ಪವರ್ ಇರೋ ಮಾತ್ರೆ

ನಮ್ಮ ಕ್ಲಿನಿಕ್ಕಿಗೆ ಬರುವವರ ಪ್ರಕಾರ ನೋವಿನ ಮಾತ್ರೆಗಳಲ್ಲಿ ಎರಡೇ ಜಾತಿ: ಪವರ್ ಇರುವುದು, ಪವರ್ ಇಲ್ಲದಿರುವುದು. ವೈದ್ಯರ ಚೀಟಿಯಿಲ್ಲದೆ ಎಲ್ಲ ಅಂಗಡಿಯಲ್ಲೂ ಸಿಗುವ ಪ್ಯಾರಸಿಟಮಾಲ್ ಪವರ್ ಇಲ್ಲದ್ದು, ಮಕ್ಕಳಿಗೆ ಜ್ವರ ಬಂದಾಗ ಕೊಡುವಂಥದ್ದು. ನುಂಗಿದ ಸ್ವಲ್ಪ ಹೊತ್ತಿಗೆ ಮೈ ಹಗುರಾಗಿ ಲೋಕವೆಲ್ಲ ಚೆನ್ನಾಗಿ ಕಾಣುವಂತೆ ಮಾಡುವುದು ಪವರ್ ಇರುವುದು. ಮಾದನಾಯಕನಹಳ್ಳಿಯ ಗೋದಾಮುಗಳ ನಡುವೆ ಕೂತು ಈ ಜಾತಿ ಪದ್ಧತಿಯ ಜೊತೆ ಜಗಳ ಆಡುವುದು ನನ್ನ ದಿನದ ಕೆಲಸದಲ್ಲಿ ಒಂದು. ಜಗಳದಲ್ಲಿ ನಾನು ಸುಲಭಕ್ಕೆ ಸೋಲುವವಳಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ಒಬ್ಬ ಫೋರ್ಕ್‌ಲಿಫ್ಟ್ ಚಾಲಕನಿಗಾಗಿ ಅದನ್ನು ಅರ್ಧಕ್ಕೆ ನಿಲ್ಲಿಸಿ ಬೇರೆ ದಾರಿ ಹಿಡಿಯಬೇಕಾಯಿತು.

ಅವನನ್ನು ಕರೆದುಕೊಂಡು ಬಂದವರು ಗೋದಾಮಿನ ಸೇಫ್ಟಿ ಆಫೀಸರ್. ಆ ಗೋದಾಮಿನ ಕೆಲಸಗಾರರ ವೈದ್ಯಕೀಯ ತಪಾಸಣೆ ನನ್ನದೇ. ಇಬ್ಬರೂ ಒಳಗೆ ಕಾಲಿಟ್ಟ ಕೂಡಲೇ ಕೋಣೆಯೆಲ್ಲ ನಿಂಬೆಹಣ್ಣಿನ ವಾಸನೆ ತುಂಬಿಕೊಂಡಿತು.

"ಮೇಡಂ, ಇವ್ನು ನಮ್ಮ ಬೆಸ್ಟ್ ಆಪರೇಟರ್. ಆದ್ರೆ ಇವತ್ತು ಬೆಳಿಗ್ಗೆ ಫುಲ್ ಪ್ಯಾಲೆಟ್ ಬೀಳಿಸ್ಬಿಟ್ಟಿದ್ದಾನೆ. ಫ್ಲೋರ್ ಕ್ಲೀನರ್ ಕ್ಯಾನು, ಎಲ್ಲಾ ಒಡ್ದೋಯ್ತು. ಫಿಟ್ಟೋ ಅನ್‌ಫಿಟ್ಟೋ, ಒಂದು ಬರ್ದು ಕೊಟ್ಬಿಡಿ. ನಾನು ಮ್ಯಾನೇಜ್ಮೆಂಟಿಗೆ ಕಳಿಸ್ಬೇಕು."

ಅವರನ್ನು ಹೊರಗೆ ಕೂರಿಸಿ ಚಾಲಕನನ್ನು ಒಬ್ಬನನ್ನೇ ಮಾತಾಡಿಸಿದೆ. ಕೊಪ್ಪಳದ ಕಡೆಯವನು, ಮೂವತ್ತರ ಆಸುಪಾಸು. ಮೇಲಿನ ರ‍್ಯಾಕಿಗೆ ಪ್ಯಾಲೆಟ್, ಅಂದರೆ ಸರಕು ಪೇರಿಸಿದ ಮರದ ಹಲಗೆ, ಏರಿಸುವಾಗ ಕಣ್ಣು ಮುಚ್ಚಿತಂತೆ. ರೆಪ್ಪೆ ಮತ್ತೆ ತೆರೆಯುವಷ್ಟರಲ್ಲಿ ಕ್ಯಾನುಗಳು ಕೆಳಗೆ ಬಿದ್ದಿದ್ದವು. ಅವು ಬಿದ್ದ ಜಾಗ, ಅದೇ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುವ ಅವನ ಹೆಂಡತಿ ದಿನಾ ನಿಲ್ಲುವ ಜಾಗ. ಆಕೆ ಆಗಷ್ಟೇ ನೀರು ಕುಡಿಯಲು ಹೋಗಿದ್ದಳು.

"ಅಕಿ ನೀರಿಗೆ ಹೋಗದಿದ್ರ..." ಎಂದು ಶುರು ಮಾಡಿದವನು ಮಾತನ್ನು ಅಲ್ಲಿಗೇ ಬಿಟ್ಟ. ಆಮೇಲೆ ನನ್ನ ಮೇಜಿನ ಮೇಲಿದ್ದ ಚೀಟಿ ಪುಸ್ತಕ ನೋಡಿ, "ಮೇಡಂರೀ, ಅನ್‌ಫಿಟ್ ಬರೀಬ್ಯಾಡ್ರೀ. ಹಮಾಲಿ ಮಾಡಕೋಂತನ ಗಾಡಿ ಕಲ್ತು ಆ ಕುರ್ಚಿ ಮ್ಯಾಲ ಕುಂತೀನಿ. ಅದು ಹೋದ್ರ ಮತ್ತ ಮೂಟಿ ಹೊರಬೇಕು. ಈ ಬೆನ್ನಾಗ ಅದು ಆಗೂದಿಲ್ರೀ" ಎಂದ.

ಬೆನ್ನು ಎಂದದ್ದೇ ತಡ, ಮಂಚದ ಮೇಲೆ ಮಲಗಿಸಿದೆ. ಬೆನ್ನುನೋವಿನವರಲ್ಲಿ ನಾನು ಮೊದಲು ಹುಡುಕುವುದು ಅಪಾಯದ ಗುರುತುಗಳನ್ನು. ಕಾಲಿನಲ್ಲಿ ಬಲ ಕಡಿಮೆಯಾಗಿದೆಯೇ, ಮರಗಟ್ಟುತ್ತದೆಯೇ, ಮೂತ್ರ ಹಿಡಿತದಲ್ಲಿದೆಯೇ, ಜ್ವರ ಬರುತ್ತಿದೆಯೇ, ತೂಕ ಇಳಿದಿದೆಯೇ. ಒಂದೂ ಇರಲಿಲ್ಲ. ಕಾಲನ್ನು ನೀಳವಾಗಿ ಮೇಲೆತ್ತಿದರೂ ನೋವು ಕೆಳಕ್ಕೆ ಇಳಿಯಲಿಲ್ಲ, ಸುತ್ತಿಗೆಯ ಪೆಟ್ಟಿಗೆ ಮಂಡಿ ಸರಿಯಾಗಿ ಜಿಗಿಯಿತು. ನರ ಚೆನ್ನಾಗಿತ್ತು. ಸೊಂಟದ ಬಲಬದಿಯ ಸ್ನಾಯು ಮಾತ್ರ ಹಗ್ಗದ ಹಾಗೆ ಬಿಗಿದಿತ್ತು.

"ನೋವಿಗೆ ಏನು ತಗೋತಿದ್ದೀಯಪ್ಪ?"

"ಸೆಟ್ಟರೀ."

ಪೀಣ್ಯದಿಂದ ತುಮಕೂರು ರಸ್ತೆಯುದ್ದಕ್ಕೂ ಇದು ಎಲ್ಲರಿಗೂ ಗೊತ್ತಿರುವ ಪದ. ಔಷಧದಂಗಡಿಗೆ ಹೋಗಿ 'ಮೈಕೈ ನೋವು, ಒಂದು ಸೆಟ್ ಕೊಡಿ' ಎಂದರೆ ಸಾಕು, ಬೇರೆ ಬೇರೆ ಪಟ್ಟಿಗಳಿಂದ ಒಂದೊಂದು ಮಾತ್ರೆ ಕತ್ತರಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಾರೆ. ಬೆಳಿಗ್ಗೆ ಒಂದು ಸೆಟ್, ರಾತ್ರಿ ಒಂದು ಸೆಟ್. ನಮ್ಮ ಚಾಲಕ ಹಿಂದಿನ ದೀಪಾವಳಿಯಿಂದ ಇದರ ಮೇಲೆಯೇ ಗಾಡಿ ಓಡಿಸುತ್ತಿದ್ದ. ಅವನ ಜೇಬಿನಲ್ಲಿದ್ದ ಸೆಟ್ ಬಿಚ್ಚಿ ನೋಡಿದೆ. ಪ್ರತಿ ಮಾತ್ರೆಯ ಹಿಂದೆಯೂ ಒಂದಿಷ್ಟು ಬೆಳ್ಳಿ ಹಾಳೆ, ಅದರ ಮೇಲೆ ಅಕ್ಷರದ ಒಂದು ಚೂರು, ಅಷ್ಟೇ. ಹೆಸರಿರುವ ಭಾಗ ಅಂಗಡಿಯಲ್ಲೇ ಉಳಿದಿತ್ತು. ಒಂದು ಗ್ಯಾಸ್ ಮಾತ್ರೆ ಎಂದು ಗೊತ್ತಾಯಿತು. ಉಳಿದವು ಮಾಮೂಲಿ ನೋವಿನ ಮಾತ್ರೆಗಳಿರಬೇಕು ಅಂದುಕೊಂಡೆ. ನಿದ್ದೆ ಬರಿಸುವಂಥದ್ದೂ ಒಂದು ಇದ್ದೀತು ಎಂಬ ಗುಮಾನಿ ಇತ್ತು, ಅದಕ್ಕೇ ಸೆಟ್ ಅಂದೇ ನಿಲ್ಲಿಸಿದೆ.

ಸೇಫ್ಟಿ ಆಫೀಸರಿಗೆ ಬರೆದುಕೊಟ್ಟದ್ದು ಫಿಟ್ಟೂ ಅಲ್ಲ, ಅನ್‌ಫಿಟ್ಟೂ ಅಲ್ಲ. 'ಚಿಕಿತ್ಸೆಯಲ್ಲಿದ್ದಾರೆ. ನಾನು ಹೇಳುವವರೆಗೆ ವಾಹನ ಓಡಿಸಬಾರದು, ನೆಲದ ಮೇಲಿನ ಹಗುರ ಕೆಲಸ ಮಾಡಬಹುದು.'

"ಹಾವೂ ಸಾಯ್ಬಾರ್ದು ಕೋಲೂ ಮುರೀಬಾರ್ದು ಅನ್ನೋ ಹಂಗೆ ಬರ್ದಿದ್ದೀರಲ್ಲ ಮೇಡಂ" ಎಂದರು ಅವರು.

"ನಿಮ್ಮ ಗೋದಾಮಲ್ಲಿ ಯಾರೂ ಸಾಯ್ಬಾರ್ದು ಅಂತಾನೇ ಬರ್ದಿರೋದು" ಎಂದೆ.

ಚಾಲಕನಿಗೆ ನಾನು ಕೊಟ್ಟದ್ದು ಪವರ್ ಇಲ್ಲದ ಜಾತಿಯ ಮಾತ್ರೆಗಳು. ತಿಂಗಳುಗಟ್ಟಲೆ ಸೆಟ್ ನುಂಗಿದವನಾದ್ದರಿಂದ ಮೊದಲು ರಕ್ತದೊತ್ತಡ ನೋಡಿ, ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಿದೆ. ಮಲ ಕಪ್ಪಗೆ ಹೋಗುತ್ತದೆಯೇ ಎಂದೂ ಕೇಳಿದೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತದೆ ಎಂದ ಮಾತ್ರಕ್ಕೆ ಈ ಮಾತ್ರೆಗಳು ಸಾಧುಗಳೇನಲ್ಲ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಊಟವಾದ ನಂತರ ಐಬುಪ್ರೊಫೆನ್, ಬೇಕೆನಿಸಿದರೆ ನಡುವೆ ಪ್ಯಾರಸಿಟಮಾಲ್, ಅದೂ ಕೆಲವೇ ದಿನ. ಜೊತೆಗೆ ಬಿಸಿನೀರಿನ ಶಾಖ, ಸೊಂಟ ಸಡಿಲಿಸುವ ವ್ಯಾಯಾಮ. ನೋವು ತಲೆಗೇರುವವರೆಗೆ ಕಾಯಬೇಡ, ಹೊತ್ತಿಗೆ ಸರಿಯಾಗಿ ತಗೋ ಎಂದು ಹೇಳಿ ಕಳಿಸಿದೆ. ಇಂಥ ಬೆನ್ನು ಇದರಲ್ಲೇ ಸರಿಹೋಗುವುದನ್ನು ಎಷ್ಟೋ ಸಲ ಕಂಡವಳು ನಾನು, ನಿಶ್ಚಿಂತೆಯಾಗಿದ್ದೆ.

ಎರಡು ದಿನಕ್ಕೇ ಮರಳಿ ಬಂದ, ಹೆಂಡತಿಯ ಹೆಗಲು ಹಿಡಿದುಕೊಂಡು. ಅಂಗಿ ಬೆವರಿಗೆ ಒದ್ದೆ, ಮೂಗು ಸೋರುತ್ತಿತ್ತು. ಭೇದಿ ಬೇರೆ. ಕಾಲುಗಳನ್ನು ಒಂದು ಕಡೆ ಇಡಲಾರದೆ ಬೆಂಚಿನ ಮೇಲೆ ಉಜ್ಜಾಡುತ್ತಿದ್ದ.

"ನಿಮ್ಮ ಗುಳಗಿಗೆ ಪವರ್ ಇಲ್ರೀ ಮೇಡಂ" ಎಂದ. ಕೋಪ, ಅಳು ಎರಡೂ ಅದರಲ್ಲಿದ್ದವು. "ಬ್ಯಾನಿ ಮೈತುಂಬ ಹರಡೇತಿ. ನನಗ ನನ್ನ ಸೆಟ್ ಬೇಕ್ರೀ."

ಅದೇ ಹೊತ್ತಿಗೆ ಸೇಫ್ಟಿ ಆಫೀಸರ್ ಫೋನ್ ಮಾಡಿ, ಗೋದಾಮಿಗೆ ಕೆಲಸಗಾರರನ್ನು ಒದಗಿಸುವ ಕಂಟ್ರಾಕ್ಟರ್ ಬೇರೆ ಆಪರೇಟರ್ ಹುಡುಕುತ್ತಿದ್ದಾನೆ, ಈ ವಾರದೊಳಗೆ ಏನಾದರೂ ಹೇಳಿ ಎಂದರು. ಹೇಳುತ್ತೇನೆ ಎಂದು ಫೋನಿಟ್ಟೆ.

ವೈರಲ್ ಜ್ವರವಿರಬಹುದೇ ಎಂದು ನೋಡಿದರೆ ಜ್ವರವಿಲ್ಲ. ಮತ್ತೆ ಮಲಗಿಸಿ ಬೆನ್ನು ಒತ್ತಿದೆ. ಬಿಗಿದ ಸ್ನಾಯು ಮೊದಲಿಗಿಂತ ಮೆತ್ತಗಾಗಿತ್ತು. ಎದ್ದು ನಿಂತು ಬಾಗು ಎಂದೆ. ಮೊನ್ನೆ ಮಂಡಿಯ ಹತ್ತಿರ ನಿಂತುಹೋಗಿದ್ದ ಕೈ ಈಗ ಅದಕ್ಕಿಂತ ಕೆಳಗೆ ಹೋಯಿತು. ಬೆನ್ನು ಸುಧಾರಿಸುತ್ತಿದೆ, ಮನುಷ್ಯ ಕುಸಿಯುತ್ತಿದ್ದಾನೆ! ಇದೆಂಥ ನೋವು ಎಂದು ಯೋಚಿಸುತ್ತಿರುವಾಗಲೇ ಅವನು ಬಾಯಿ ಅಗಲಿಸಿ ಆಕಳಿಸಿದ. ಮತ್ತೆ ಆಕಳಿಸಿದ. ಕೈ ಹಿಡಿದು ನೋಡಿದರೆ, ಏಪ್ರಿಲ್ಲಿನ ಆ ಉರಿಸೆಕೆಯಲ್ಲಿ ಮೊಣಕೈವರೆಗೆ ರೋಮಗಳೆಲ್ಲ ನಿಮಿರಿ ನಿಂತಿದ್ದವು.

ನನಗೆ ಹೊಳೆದದ್ದು ಆಗ. ಅವನ ಹೆಂಡತಿಯ ಕಡೆ ತಿರುಗಿ, "ಇವನು ನುಂಗಿದ ಮಾತ್ರೆಗಳ ಸಿಪ್ಪೆ ಏನಾದ್ರೂ ಮನೇಲಿ ಇದೆಯೇನಮ್ಮ?" ಎಂದು ಕೇಳಿದೆ.

"ಡಬ್ಬಿ ತುಂಬ ಅದಾವ್ರೀ" ಎಂದಳು. "ಪ್ಯಾಂಟಿನ ಕಿಸೇದಾಗ ಬಿಟ್ಟಿರ್ತಾರ. ಒಗಿಯೂ ಮುಂದ ತಗದು ಡಬ್ಬ್ಯಾಗ ಹಾಕ್ತೀನಿ. ಇಲ್ಲಾಂದ್ರ ಚೂಪ ತುದಿ ಕೂಸಿನ ಕಾಲಿಗೆ ಚುಚ್ಚತಾವ."

ಅವರ ಬಾಡಿಗೆ ಕೋಣೆ ಹಿಂದಿನ ರಸ್ತೆಯಲ್ಲೇ. ಓಡಿಹೋಗಿ ಡಬ್ಬಿ ತಂದಳು. ನನ್ನ ಮೇಜಿನ ಮೇಲೆ ಸುರಿದುಕೊಂಡು ಇಬ್ಬರೂ ಕೂತೆವು. ಮೊದಲು ಬಣ್ಣದ ಮೇಲೆ ಗುಂಪು ಮಾಡಿದೆವು, ಆಮೇಲೆ ಕತ್ತರಿಯ ಅಂಚು ಅಂಚಿಗೆ ಕೂಡುತ್ತದೆಯೇ ಎಂದು ನೋಡುತ್ತ ಹೋದೆವು. ಲೇಬಲ್ ಅಂಟಿಸುವ ಕೈ ಆಕೆಯದು, ನನಗಿಂತ ಚುರುಕಾಗಿ ಚೂರುಗಳನ್ನು ಹೊಂದಿಸುತ್ತಿದ್ದಳು. ಒಂದು ಗುಂಪಿನಲ್ಲಿ ಕೆಂಪು ಗೆರೆ ಸೇರಿತು. ಚೀಟಿ ಇಲ್ಲದೆ ಕೊಡಬಾರದ ಔಷಧಕ್ಕೆ ಹಾಕುವ ಗೆರೆ ಅದು. ಇನ್ನೆರಡು ಚೂರು ಹೊಂದಿಸಿದ ಮೇಲೆ ಹೆಸರೂ ಓದಲು ಬಂತು: ಟ್ರಮಡಾಲ್, ಪ್ಯಾರಸಿಟಮಾಲ್ ಜೊತೆ ಸೇರಿಸಿದ್ದು. ಇನ್ನೊಂದು ಗುಂಪು ಉರಿಯೂತ ಇಳಿಸುವ ಮಾತ್ರೆ, ಅದರಲ್ಲೂ ಪ್ಯಾರಸಿಟಮಾಲ್. ಅಂದರೆ ಒಂದೇ ಸೆಟ್ಟಿನಲ್ಲಿ ಒಂದೇ ಔಷಧ ಎರಡೆರಡು ಸಲ, ಅದರ ಮೇಲೊಂದು ಒಪಿಯಾಯ್ಡ್.

ಒಪಿಯಾಯ್ಡ್ ಎಂದರೆ ಅಫೀಮಿನ ಬಳಗದ, ಮಂಪರು ತರುವ ಔಷಧ. ಚಾಲಕನಿಗೂ ಹೆಂಡತಿಗೂ ವ್ಯತ್ಯಾಸವನ್ನು ಹೀಗೆ ಹೇಳಿದೆ: "ಒಲೆ ಮೇಲೆ ಹಾಲು ಉಕ್ತಾ ಇದೆ ಅಂದ್ಕೊಳ್ಳಿ. ನಾನು ಕೊಟ್ಟ ಮಾತ್ರೆ ಉರಿ ಸಣ್ಣ ಮಾಡುತ್ತೆ. ಸೆಟ್ಟಲ್ಲಿದ್ದಿದ್ದು ಉರಿ ಮುಟ್ಟೋದೇ ಇಲ್ಲ, ನಿಮ್ಮನ್ನ ಅಡುಗೆಮನೆಯಿಂದ ಆಚೆ ಕಳಿಸಿ ಬಾಗ್ಲು ಹಾಕ್ಬಿಡುತ್ತೆ. ಹಾಲು ಉಕ್ಕೋದು ನಿಮಗೆ ಕಾಣಲ್ಲ, ಅಷ್ಟೇ."

"ಹಂಗಾರ ಅದು ಖೊಟ್ಟಿ ಗುಳಗೀ ಏನ್ರೀ?" ಎಂದು ಕೇಳಿದಳು.

ಅಲ್ಲ. ಇದನ್ನು ಒತ್ತಿ ಹೇಳಬೇಕು. ದೊಡ್ಡ ಶಸ್ತ್ರಚಿಕಿತ್ಸೆಯಾದಾಗ, ತೊಡೆಯ ಮೂಳೆ ಮುರಿದಾಗ, ಕ್ಯಾನ್ಸರ್ ಎಲುಬಿಗಿಳಿದಾಗ ಮನುಷ್ಯನನ್ನು ಮನುಷ್ಯನಾಗಿ ಉಳಿಸುವುದು ಈ ಬಳಗವೇ. ಮಾರ್ಫಿನ್ ಸಿಗದೆ ಒದ್ದಾಡುವವರನ್ನು ನೋಡಿದ ಯಾವ ವೈದ್ಯರೂ ಅದನ್ನು ಹಳಿಯಲಾರರು. ಆದರೆ ಸೊಂಟದ ಸ್ನಾಯು ಬಿಗಿದದ್ದಕ್ಕೆ ತಿಂಗಳುಗಟ್ಟಲೆ ಅದನ್ನು ನುಂಗಿದರೆ ನೋವಿಗೇನೂ ಹೆಚ್ಚಿನ ಲಾಭವಿಲ್ಲ. ಮೈ ಮಾತ್ರ ಅದಕ್ಕೆ ಒಗ್ಗಿಕೊಂಡು, ಹೊತ್ತು ತಪ್ಪಿದರೆ ಹೀಗೆ ರಂಪ ಮಾಡುತ್ತದೆ. ಅವನು ಮೈತುಂಬ ಹರಡಿದ ನೋವು ಎಂದದ್ದು ಬೆನ್ನಿನದಲ್ಲ, ಆ ಬೆವರು, ಆಕಳಿಕೆ, ನಿಮಿರಿದ ರೋಮಗಳ ಹಾಗೆಯೇ ಮಾತ್ರೆ ನಿಂತದ್ದರ ಕಾಟ. ನಾನು ಕೊಟ್ಟ ಮಾತ್ರೆ ತನ್ನ ಕೆಲಸ ಮಾಡುತ್ತಲೇ ಇತ್ತು, ಆದರೆ ಈ ಕಾಟಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಈಗ ಏನು ಮಾಡುವುದು? ಪೂರ್ತಿ ನಿಲ್ಲಿಸಿಯೇ ತಡೆದುಕೋ ಎನ್ನಬಹುದಿತ್ತು. ಹಾಗೆಂದರೆ ಅವನು ಸಂಜೆಯೊಳಗೆ ಅಂಗಡಿಯ ಮುಂದೆ ನಿಂತಿರುತ್ತಿದ್ದ. ನಗರದ ದೊಡ್ಡ ಆಸ್ಪತ್ರೆಗೆ ದಾಖಲಾಗು ಎನ್ನಬಹುದಿತ್ತು. ಅಲ್ಲಿಂದ ಬರುವಷ್ಟರಲ್ಲಿ ಕುರ್ಚಿಯಲ್ಲಿ ಬೇರೆಯವನಿರುತ್ತಿದ್ದ, ಅದು ಗೊತ್ತಿದ್ದೇ ಅವನು ಹೋಗುತ್ತಿರಲಿಲ್ಲ. ಮನೋವೈದ್ಯೆಯಾಗಿರುವ ನನ್ನ ಸಹಪಾಠಿಗೆ ಫೋನ್ ಮಾಡಿ ಪೂರ್ತಿ ವಿವರ ಕೊಟ್ಟು ಚರ್ಚಿಸಿದೆ. ನಿರ್ಧಾರ ಮಾಡಿದೆ: ನಾನೇ ನಿಲ್ಲಿಸಿದ ಟ್ರಮಡಾಲನ್ನು ನಾನೇ ಮತ್ತೆ ಶುರು ಮಾಡುವುದು. ಬೇರೆ ಯಾವುದೂ ಬೆರೆಯದ ಒಂಟಿ ಮಾತ್ರೆ, ನನ್ನ ಚೀಟಿಯ ಮೇಲೆ, ಹೆಸರಿಟ್ಟು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು.

ಚಾಲಕ ನನ್ನ ಮುಖವನ್ನೇ ನೋಡಿದ. "ಬ್ಯಾಡ ಅಂದಿದ್ದ ಗುಳಗಿ ನೀವ ಕೊಡ್ತೀರೇನ್ರೀ?"

"ಮಹಡಿ ಹತ್ತಿಸಿದೋರು ಅಂಗಡಿಯೋರು, ಏಣಿ ತೆಗೆದೋಳು ನಾನು. ಇಳಿಯೋಕೆ ಏಣಿ ಬೇಕಲ್ಲಪ್ಪ" ಎಂದೆ. "ಆದ್ರೆ ಮಾತ್ರೆ ಇವಳ ಹತ್ರ ಇರುತ್ತೆ. ಪೂರ್ತಿ ಇಳಿಯೋವರೆಗೂ ನೀನು ಗಾಡಿ ಹತ್ತಂಗಿಲ್ಲ."

ಒಪ್ಪಿದ. ಹೆಂಡತಿ ಒಪ್ಪಿದ್ದು ಬೇರೆ ಥರ. "ನೀವು ಆ ಗುಳಗಿ ತಗೊಂಡು ಗಾಡಿ ಮ್ಯಾಲ ಕುಂತ್ರ ನಾ ಆ ಸಾಲಿಗೆ ಕಾಲಿಡಂಗಿಲ್ಲ" ಎಂದು ನನ್ನೆದುರೇ ಗಂಡನಿಗೆ ಹೇಳಿದಳು. ಕ್ಯಾನುಗಳು ಬಿದ್ದ ದಿನದಿಂದಲೂ ಆಕೆ ರ‍್ಯಾಕುಗಳ ನಡುವಿನ ಆ ಸಾಲಿನ ಕೆಲಸ ಬಿಟ್ಟು ಬಾಗಿಲ ಬಳಿಯ ಮೇಜಿಗೆ ಹೋಗಿದ್ದಳಂತೆ. ಅವನು ಅದನ್ನು ನನಗೆ ಹೇಳಿರಲಿಲ್ಲ. ಅವನ ಮುಖ ಬಾಡಿಹೋಯಿತು, ನನಗೂ ಪಾಪ ಎನಿಸಿತು.

ಮರುದಿನ ಹೊಂದಿಸಿದ ಚೂರುಗಳನ್ನು ಒಂದು ಹಾಳೆಗೆ ಅಂಟಿಸಿಕೊಂಡು, ಅವನು ಸೆಟ್ ಕೊಳ್ಳುತ್ತಿದ್ದ ಔಷಧದಂಗಡಿಗೆ ಹೋದೆ. ಅಂಗಡಿಯ ಯಜಮಾನರು ಇಲ್ಲಿನ ಹಳೇ ಹಳ್ಳಿಯವರೇ. ಹೊಲವಿದ್ದ ಜಾಗದಲ್ಲಿ ಬಾಡಿಗೆ ಕೋಣೆಗಳನ್ನು ಕಟ್ಟಿಸಿ, ಕೆಳಗೆ ಅಂಗಡಿ ಇಟ್ಟಿದ್ದಾರೆ. ಗೋಡೆಯ ಮೇಲಿರುವ ಫಾರ್ಮಸಿ ಪದವಿ ಮಗನದು, ಗಲ್ಲಾದಲ್ಲಿ ಕೂರುವುದು ಅಪ್ಪ.

"ಬನ್ನಿ ಡಾಕ್ಟ್ರಮ್ಮ. ಇದೇನ್ ತಂದ್ರಿ, ರಂಗೋಲಿ ಇದ್ದಂಗೈತೆ?"

"ನಿಮ್ಮ ಕೈಕೆಲಸಾನೇ" ಎಂದು ಹಾಳೆ ಮುಂದಿಟ್ಟೆ.

ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು. "ಅಂಗಲ್ಲ ಡಾಕ್ಟ್ರಮ್ಮ, ಜನ ಇಂಗೇ ಕೇಳ್ತಾರೆ. ಒತ್ತಾರೆ ಎದ್ದು ಡ್ಯೂಟಿಗೆ ಓಗ್ಬೇಕು, ನಿಮ್ ಅತ್ರ ಕ್ಯೂ ನಿಂತ್ಕಳಕ್ಕೆ ಟೈಮಿರಲ್ಲ. ಏನೋ ಪಾಪ ಅಂತ ಕೊಡ್ತೀನಿ. ನಮ್ ಮನೇಲೇ ಬಾಡ್ಗೆಗಿರೋರು ಬೇರೆ."

"ನಿಮ್ಮ ಪಾಪಕ್ಕೆ ಆ ಹುಡುಗಿ ಕ್ಯಾನಿನ ಅಡೀಲಿ ಸಿಕ್ಕಿಹಾಕ್ಕೋತಿದ್ಲು" ಎಂದು ನಡೆದದ್ದನ್ನೆಲ್ಲ ಹೇಳಿದೆ. ಇದನ್ನು ಅವರಿಗೆ ಹೇಳಲು ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಕೇಳಿಕೊಂಡೇ ಬಂದಿದ್ದೆ. ಆಕೆ ಅವರ ಕಟ್ಟಡದಲ್ಲೇ ಇರುವವಳು, ಮಗು ಅವರನ್ನು ತಾತ ಎನ್ನುತ್ತದೆ. ಯಜಮಾನರ ದನಿ ತಗ್ಗಿತು. ನಾನು ಮಾತ್ರ ತಗ್ಗಲಿಲ್ಲ. ಕೆಂಪು ಗೆರೆಯದ್ದು ಚೀಟಿಯಿಲ್ಲದೆ ಹೊರಗೆ ಹೋಗಕೂಡದು, ಹೋದದ್ದು ಕಂಡರೆ ಡ್ರಗ್ ಇನ್‌ಸ್ಪೆಕ್ಟರ್ ಕಚೇರಿಗೆ ನಾನೇ ಹೋಗುತ್ತೇನೆ ಎಂದೆ. ಚೀಟಿ ಬೇಡದ ಮಾತ್ರೆ ಬಿಡಿಯಾಗಿ ಕೊಡುವುದಾದರೆ ಹೆಸರಿರುವ ಕಡೆಯಿಂದ ಕತ್ತರಿಸಿ ಕೊಡಿ, ಹೆಸರಿಲ್ಲದ ತುದಿ ನಿಮ್ಮ ಹತ್ತಿರ ಉಳಿಯಲಿ ಎಂದೂ ಹೇಳಿದೆ. ಅವರು ಅಷ್ಟೂ ಹೊತ್ತು ಕತ್ತರಿಯನ್ನೇ ನೋಡುತ್ತಿದ್ದರು. ಕೊನೆಗೆ, "ಆಯ್ತು ಬುಡಿ, ಅಂಗೇ ಮಾಡ್ತೀನಿ" ಎಂದರು.

ಉಳಿದದ್ದು ಗೋದಾಮು. ಚಾಲಕ ಏನು ನುಂಗುತ್ತಿದ್ದ ಎಂಬುದು ಅವನಿಗೂ ನನಗೂ ಬಿಟ್ಟ ವಿಷಯ, ಅದನ್ನು ಸೇಫ್ಟಿ ಆಫೀಸರಿಗೆ ಹೇಳಲಿಲ್ಲ. ಆದರೆ ಬೆನ್ನು ಕೆಟ್ಟದ್ದು ಎಲ್ಲಿ ಎಂದು ನೋಡುವ ಹಕ್ಕು ನನಗಿತ್ತು. ಹೋಗಿ ನೋಡಿದೆ. ಪೆಟ್ಟಿಗೆಗಳ ಎತ್ತರಕ್ಕೆ ಎದುರಿನದು ಕಾಣುವುದಿಲ್ಲವಾದ್ದರಿಂದ ಚಾಲಕರು ದಿನದ ಹೆಚ್ಚಿನ ಹೊತ್ತು ಸೊಂಟ ಬಲಕ್ಕೆ ತಿರುಚಿ, ಹಿಂದೆ ನೋಡುತ್ತ ರಿವರ್ಸಿನಲ್ಲೇ ಓಡಿಸುತ್ತಾರೆ. ಸೀಟಿನ ಮೇಲೆ ಕೈ ಒತ್ತಿದರೆ ಕೆಳಗಿನ ಕಬ್ಬಿಣ ಸಿಕ್ಕಿತು.

"ಮೇಡಂ, ಕಂಟ್ರಾಕ್ಟರ್ ಹೊಸಬ್ನನ್ನ ನಾಳೆ ಕಳಿಸ್ತಾನಂತೆ. ಇನ್ನೂ ಎಷ್ಟು ದಿನ ಅಂತ ಕಾಯೋದು?" ಎಂದರು ಸೇಫ್ಟಿ ಆಫೀಸರ್.

"ನೀವೊಂದ್ಸಲ ಈ ಸೀಟ್ ಮೇಲೆ ಕೂತು, ಆ ತುದಿಯಿಂದ ಈ ತುದಿವರೆಗೆ ಹಿಂದೆ ನೋಡ್ತಾ ಬನ್ನಿ."

ಕೂತರು. ತಿರುಗಿದರು. ಅರ್ಧ ದಾರಿಗೇ ಸೊಂಟ ಹಿಡಿದುಕೊಂಡು ಇಳಿದರು.

"ಹೊಸಬ ಬಂದ್ರೂ ದಸರಾ ಹೊತ್ತಿಗೆ ನನ್ನ ಹತ್ರಾನೇ ಬರ್ತಾನೆ ಸಾರ್. ಸೀಟ್ ಬದಲಾಯಿಸಿ, ಒಳ್ಳೆ ಕನ್ನಡಿ ಹಾಕಿಸಿ, ದಿನವಿಡೀ ಒಬ್ಬನ್ನೇ ಕೂರಿಸ್ಬೇಡಿ. ಹೊಸಬ ಬರ್ಲಿ, ಇಬ್ರೂ ಸರದಿ ಮೇಲೆ ಓಡಿಸ್ಲಿ. ನಿಮ್ಮ ಬೆಸ್ಟ್ ಆಪರೇಟರನ್ನ ನಾನು ವಾಪಸ್ ಕೊಡ್ತೀನಿ. ಬರ್ದು ಬೇಕಾದ್ರೂ ಕೊಡ್ತೀನಿ."

ಅವರು ನಕ್ಕರು. "ನಿಮ್ಮ ಕಾನ್ಫಿಡೆನ್ಸೇ ಸಾಕು ಬಿಡಿ ಮೇಡಂ" ಎಂದು ಸೀಟಿನ ಫೋಟೋ ತೆಗೆದುಕೊಂಡರು.

ಇಳಿಸುವ ಕೆಲಸ ಬೇಸಿಗೆ ಮುಗಿಯುವವರೆಗೂ ನಡೆಯಿತು. ವಾರಕ್ಕೊಮ್ಮೆ ಬರುತ್ತಿದ್ದ. ಒಂದು ಮೆಟ್ಟಿಲು ಇಳಿಸಿದಾಗ ನಿದ್ದೆಗೆಟ್ಟು ಕಣ್ಣು ಕೆಂಪಗೆ ಮಾಡಿಕೊಂಡು ಬಂದ, ಅದೇ ಮೆಟ್ಟಿಲ ಮೇಲೆ ಇನ್ನೊಂದು ವಾರ ನಿಲ್ಲಿಸಿದೆ. ಅವಸರ ಮಾಡಲಿಲ್ಲ. ಐಬುಪ್ರೊಫೆನ್ನನ್ನು ಅದಕ್ಕೆ ಬಹಳ ಮೊದಲೇ ನಿಲ್ಲಿಸಿಯಾಗಿತ್ತು. ಗೋದಾಮಿನಲ್ಲಿ ಸ್ಕ್ಯಾನರ್ ಹಿಡಿದು ನೆಲದ ಮೇಲೆ ಓಡಾಡುತ್ತಿದ್ದವನನ್ನು ಗೆಳೆಯರು 'ಏನ್ ಮಗಾ, ಡಿಮೋಷನ್ನಾ?' ಎಂದು ಕಾಡುತ್ತಿದ್ದರಂತೆ. ಅದು ಬೆನ್ನಿಗಿಂತ ಹೆಚ್ಚು ನೋಯಿಸಿತು ಎಂದ.

ಕೊನೆಯ ಮಾತ್ರೆಯೂ ಮುಗಿದ ಮೇಲೆ ಬಂದಾಗ ಬೆನ್ನು ಹೇಗಿದೆ ಎಂದು ಕೇಳಿದೆ.

"ನೋಯತೈತ್ರೀ" ಎಂದ. ಆಮೇಲೆ ನಕ್ಕ. "ಆದ್ರ ಎಲ್ಲಿ ನೋಯತೈತಿ ಅಂತ ಈಗ ಗೊತ್ತಾಗತೈತಿ. ಇಲ್ಲೇ, ಬಲಕ್ಕ. ತಿರುಗಿದಾಗಷ್ಟ. ಎದ್ದು ಎರಡ ಸಲ ಬಾಗಿ ಎದ್ರ ಹೋಗತೈತಿ. ಭಾಳ ಆದ್ರ ಒಂದ ಪ್ಯಾರಸಿಟಮಾಲ್." ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ತೋರಿಸಿದ. ಬಿಡಿಯಾಗಿ ಕೊಂಡದ್ದು, ಹೆಸರು ಪೂರ್ತಿ ಇತ್ತು.

ಅವನನ್ನು ಮತ್ತೆ ಗಾಡಿ ಹತ್ತಿಸುವ ದಿನ ನಾನೂ ಹೋದೆ. ಹೊಸ ಸೀಟು ಬಂದಿತ್ತು, ಕನ್ನಡಿಯೂ. ಸೇಫ್ಟಿ ಆಫೀಸರ್ ಮೊದಲು ಖಾಲಿ ಗಾಡಿ ಓಡಿಸಲು ಹೇಳಿದರು, ಆಮೇಲೆ ಅದೇ ಫ್ಲೋರ್ ಕ್ಲೀನರಿನ ಒಂದು ಪ್ಯಾಲೆಟ್. ಅವನು ಸಾಲಿನ ತುದಿಯಲ್ಲಿ ಗಾಡಿ ನಿಲ್ಲಿಸಿದ. ಮುಂದಕ್ಕೆ ಬರಲಿಲ್ಲ. ಇಂಜಿನ್ ಸದ್ದಿನ ನಡುವೆ ನಮ್ಮನ್ನು ನೋಡಲಿಲ್ಲ, ಬಾಗಿಲ ಬಳಿಯ ಮೇಜಿನ ಕಡೆ ನೋಡುತ್ತಿದ್ದ.

ಹೆಂಡತಿ ಅಲ್ಲಿ ಲೇಬಲ್ ಅಂಟಿಸುತ್ತಿದ್ದಳು. ತಲೆ ಎತ್ತಿ ಒಂದು ಸಲ ಗಂಡನ ಕಣ್ಣನ್ನೇ ನೋಡಿದಳು, ಮಂಪರು ಇದೆಯೇ ಎಂದು ಮನೆಯಲ್ಲಿ ಇಷ್ಟು ದಿನ ದಿನಾ ನೋಡಿದ ಹಾಗೇ ಇರಬೇಕು. ಲೇಬಲ್ಲಿನ ಸುರುಳಿ ಎತ್ತಿಕೊಂಡು ಸಾಲಿನೊಳಕ್ಕೆ ನಡೆದು ಬಂದಳು. ಗಾಡಿ ದಾಟಬಾರದೆಂದು ನೆಲದ ಮೇಲೆ ಎಳೆದ ಹಳದಿ ಗೆರೆಯ ಆಚೆ, ತನ್ನ ಹಳೇ ಜಾಗದಲ್ಲಿ ನಿಂತಳು. ಪ್ಯಾಲೆಟ್ ನಿಧಾನಕ್ಕೆ ಮೇಲೇರತೊಡಗಿತು. ಆಕೆ ಗಾಡಿಗೆ ಬೆನ್ನು ಹಾಕಿ, ಪೆಟ್ಟಿಗೆಗೆ ಲೇಬಲ್ ಅಂಟಿಸುವುದಕ್ಕೆ ಶುರು ಮಾಡಿದಳು.